ಕಣ್ಣಾಗ ಊದಿದಾಕಿ

ಮೊನ್ನೆ ರಾಣೇಬೆನ್ನೂರಾಗ ಮಗಳ ಮನಿಯೊಳಗ ಮೆಣಸಿನಕಾಯಿ ಹುರಿದು ಆರಾಕ ಇಟ್ಟಿದ್ದೆ. ಘಾಟು ಮನಿತುಂಬ ಆಗಿತ್ತು. ಐದು ವರ್ಷದ ಮೊಮ್ಮಗಳು ಯಾವಾಗ ಬಂದು ಕೈ ಆಡಿಸಿದ್ಲೋ ಏನೋ, ಅದ ಕೈಲೆ ಕಣ್ಣು ತಿಕ್ಕೊಂಡು ಹೋ ಅಂತ ಚೀರಿದ್ಲು. ನಾ ಎದ್ದೆ. ಎದ್ದಾಕಿ ಮೊದಲು ಹೋಗಿ ಬಾಗಲಾ ಹಾಕಿ ಚಿಲಕ ಹಾಕಿದೆ, ಆಮ್ಯಾಲ ಬಂದು ಕೂಸಿನ ಕಣ್ಣಾಗ ಊದಿದೆ. ಮಗಳು ಬೈದ್ಲು, "ಹುಚ್ಚ ಹಿಡದೈತೇನಬೇ ನಿನಗ? ಕೂಸು ಒದ್ದಾಡಾಕತ್ತೈತಿ, ನಿನಗ ಬಾಗಲದ್ದು ಚಿಂತಿ!" ಆಕಿಗೆ ಉತ್ತರ ಕೊಡಬೇಕಂದ್ರ ಇಪ್ಪತ್ತು ವರ್ಷ ಹಿಂದಕ್ಕ ಹೋಗಬೇಕಾಗತಿತ್ತು...

ಆಗ ನಾವು ಬ್ಯಾಡಗಿಯಾಗ ಇದ್ವಿ. ಒಂದು ಗೋದಾಮಿನಾಗ ನಾ ಮೆಣಸಿನಕಾಯಿ ತೊಟ್ಟು ಬಿಡಿಸಾಕ ಹೋಗತಿದ್ದೆ. ಹೆಂಗಸ್ರು ಎರಡು ಸಾಲಾಗಿ ಎದುರಾಬದುರು ಕುಂದರತಿದ್ವಿ, ನಡುವ ಕೆಂಪನ್ನ ರಾಶಿ. ಘಾಟಿಗೆ ಎಲ್ಲಾರೂ ಮೂಗು ಬಾಯಿ ಮುಚ್ಚಿ ಅರಿವಿ ಕಟ್ಕೋತಿದ್ವಿ, ಬರೇ ಕಣ್ಣು ಕಾಣೋವು. ಚೀಲ ಹೊರೋ ಹಮಾಲರೂ, ಮಾಲು ನೋಡಾಕ ಬರೋ ಮಂದೀನೂ ಹಂಗ, ಟವೆಲ್ ಸುತ್ಕೊಂಡ ಒಳಗ ಬರೋರು.

ನನ್ನ ಎದುರಿಗೆ ಕೂಡಾಕಿ ನನಗಿಂತ ಹತ್ತು ವರ್ಷ ಸಣ್ಣಾಕಿ, ನನಗ ಯಕ್ಕಾ ಅಂತಿದ್ಲು. ಗುತ್ತಲದ ಕಡೆಗೆ ಕೊಟ್ಟಿದ್ರಂತ. ಆಕಿ ಎಡಗಿವಿ ಹಿಂದ ಅಂಗೈ ಅಗಲ ಸುಟ್ಟ ಕಲೆ ಇತ್ತು, ಗಂಡ ಮಾಡಿದ್ದು. ಜೀವ ಉಳಿಸ್ಕೊಂಡು ಓಡಿ ಬಂದು ಕದರಮಂಡಲಗಿಯಾಗ ಚಿಗವ್ವನ ಮನಿಯೊಳಗ ಇದ್ಲು. "ಎಲ್ಲಿ ಅಡಗಿದ್ರೂ ಹುಡುಕಿ ತರತೇನಿ, ತಂದು ಮುಗಸ್ತೇನಿ" ಅಂತ ಅಂವ ಹೇಳಿ ಕಳಿಸಿದ್ದ. ಮುಖಾ ಮುಚ್ಕೊಂಡು ದುಡಿಯೋ ಕೆಲಸ ಅಂತ ಈಕಿ ಮೆಣಸಿನಕಾಯಿ ಹಿಡಿದಿದ್ಲು. ಖರೇ, ಉಪಾಯ ಚಲೋ ಇತ್ತು. ಆದ್ರ ಅಲ್ಲಿ ಬರೋ ಗಂಡಸ್ರೂ ಮುಖಾ ಮುಚ್ಕೊಂಡ ಬರತಿದ್ರಲ್ಲ!

ಆಕಿ ಯಾವತ್ತೂ ಬಾಗಲಾ ಎದುರಿಗೆ ಕುಂದರತಿದ್ಲು, ಆದ್ರ ಬಾಗಲಾ ನೋಡತಿರಲಿಲ್ಲ. ಕಣ್ಣು ಕಾಯಿ ಮ್ಯಾಲ. ಒಂದು ದಿನ ಬಿಡಿಸ್ಕೋತ ಇದ್ದಾಕಿ ಕೈ ಗಕ್ಕನ ನಿಂತಿತು. ತಲಿ ಎತ್ತಲಿಲ್ಲ, ಏನಿಲ್ಲ, ಸರ್ರನ ಚೀಲದ ಹಿಂದ ಸರಿದ್ಲು. ಬಾಗಲಾಗ ಯಾವನೋ ಒಬ್ಬ ಟವೆಲ್ ಸುತ್ಕೊಂಡು ನಿಂತಿದ್ದ, ಹೋದ. ಅಂವ ತನ್ನ ಮೈದುನ, ಗಂಡನ ತದ್ರೂಪ ಅಂತ ಆಮ್ಯಾಲ ಆಕಿ ಹೇಳಿದ್ಲು. "ನೋಡದ ಹೆಂಗ ಗುರತಾ ಹಿಡದಿ?" ಅಂತ ಕೇಳಿದೆ.

"ನಾ ನೋಡಿಲ್ಲ ಯಕ್ಕಾ, ಕೈ ನೋಡೈತಿ. ಹುಡುಕಾಕ ಹೋದ್ರ ಎಲ್ಲಾ ಗಂಡಸ್ರೂ ಅವನಂಗ ಕಾಣತಾರ. ಸುಮ್ಮನ ಕಾಯಿ ನೋಡ್ಕೋತ ಕುಂತ್ರ ಕೈ ತಾನ ನಿಲ್ಲತೈತಿ" ಅಂದ್ಲು. ಆಮ್ಯಾಲ ನನ್ನ ಕಡೆ ನೋಡಿ, "ಆದ್ರ ನೀ ಮಾತಿಗೆ ಎಳಿಬ್ಯಾಡ. ಮನಸು ಬ್ಯಾರೆ ಕಡೆ ಹೋತಂದ್ರ ಕೈ ಕುರುಡಾಗತೈತಿ" ಅಂದ್ಲು.

ಅದೂ ಖರೇನ ಇತ್ತು. ಒಮ್ಮೆ ನಾ ನಮ್ಮ ಓಣಿ ಜಗಳದ ಕಥಿ ಹೇಳಾಕ ಹತ್ತಿದ್ದೆ, ಆಕಿ ಬಾಯಿ ತಕ್ಕೊಂಡು ಕೇಳಾಕತ್ತಿದ್ಲು. ಮಾಲಕ ಬಂದು ಎದುರಿಗೇ ನಿಂತು ಕೆಮ್ಮಿದ್ರೂ ಆಕಿಗೆ ಖಬರ ಇರಲಿಲ್ಲ. ಅವತ್ತು ಇಬ್ಬರೂ ಬೈಸ್ಕೊಂಡು ನಕ್ಕಿದ್ವಿ, ಆದ್ರ ಒಳಗ ನನಗ ಹೆದರಿಕಿ ಹೊಕ್ಕಿತು. ಅಂದಿನಿಂದ ನಾ ಬಾಯಿ ಮುಚ್ಚಿದೆ. ನನ್ನಂಥ ವಟವಟಗುಟ್ಟೋ ಹೆಂಗಸು! ಮಾತು ಗಂಟಲಾಗ ಬಂದ್ರೂ ನುಂಗತಿದ್ದೆ, ಆಕಿ ಕೈ ನೋಡ್ಕೋತ ಕುಂದರತಿದ್ದೆ. ಆ ಕೈ ಆಡಾಕತ್ತಿತ್ತಂದ್ರ ನನ್ನ ಎದಿನೂ ತಣ್ಣಗ ಇರತಿತ್ತು.

ಮಾಗಿ ಮುಗಿದು ಬಿಸಲು ಬಲಿತಿದ್ದ ದಿನ. ಹಣಿ ಮ್ಯಾಲಿನ ಬೆವರು ಕಣ್ಣಿಗೆ ಇಳೀತು. ವರ್ಷಗಟ್ಟಲೆ ಆ ಕೆಲಸ ಮಾಡಿದಾಕಿ ನಾ, ಹೊಸದಾಗಿ ಬಂದೋರಿಗೆ "ಕೈ ಕಣ್ಣಿಗೆ ಒಯ್ಯಬ್ಯಾಡ್ರೇ" ಅಂತ ಬುದ್ಧಿ ಹೇಳಾಕಿ. ಅಂಥಾಕಿ ಮರತು ಕಣ್ಣು ತಿಕ್ಕೊಂಡೆ. ಯವ್ವಾ, ಆ ಉರಿ! ಚೀರಿದ್ದು ನಾನೋ ಬ್ಯಾರೆ ಯಾರೋ ಅನ್ನೂವಂಗಾತು.

ಆಕಿ ಕಾಯಿ ಒಗದು ಜಿಗಿದು ಬಂದು ನನ್ನ ಬಾಗಲದ ಬೆಳಕಿಗೆ ತಿರುಗಿಸಿದ್ಲು. ತಂಬಿಗಿ ನೀರು ಹಾಕಿ ಕೈ ತೊಳಕೊಂಡು, ನನ್ನ ಕಣ್ಣಿಗೂ ನೀರು ಎರಚಿದ್ಲು. ಊದಬೇಕಲ್ಲ, ಮುಖಕ್ಕ ಕಟ್ಟಿದ ಅರಿವಿ ಕೆಳಗ ಎಳದ್ಲು, ಕಿವಿ ಹಿಂದಿನ ಕಲೆ ಬಯಲಾತು. ಸೆರಗಿನ ಒಳಮಡತಿ ಉಂಡಿ ಮಾಡಿ, ಬಿಸಿ ಉಸುರು ಊದಿ ಕಣ್ಣಿಗೆ ಒತ್ತಿದ್ಲು. ಮತ್ತ ಊದಿದ್ಲು, ಮತ್ತ ಒತ್ತಿದ್ಲು. ನನ್ನ ಮುಖಾ ಎರಡೂ ಕೈಯಾಗ ಹಿಡಕೊಂಡು "ಆತಬೇ ಯಕ್ಕಾ, ಆತು, ಕಣ್ಣು ತಗಿ" ಅಂತಿದ್ಲು. ಇನ್ನೊಂದು ಕಣ್ಣಿನ ನೀರಾಗ ಆಕಿ ಹೆಗಲ ಆಚೆ ನನಗ ಒಂದು ಆಕಾರ ಕಂಡಿತು. ಟವೆಲ್ ಸುತ್ಕೊಂಡು ಬಾಗಲಾಗ ನಿಂತಿದ್ದ. ಎಲ್ಲಾರೂ ಅಡ್ಡಾಡಾಕತ್ತಿದ್ರು, ಅಂವ ಒಬ್ಬನ ಅಳ್ಳಾಡತಿರಲಿಲ್ಲ.  ಉರಿಗೆ ಹಂಗ ಕಂಡಿರಬೇಕು ಅಂದ್ಕೊಂಡೆ...

ಆಕಿ ಕೈ ನನ್ನ ಗಲ್ಲದ ಮ್ಯಾಲ ಇತ್ತು. ನಿಲ್ಲಲಿಲ್ಲ, ನಡುಗಲಿಲ್ಲ. ಮನಸು ಪೂರಾ ನನ್ನ ಕಣ್ಣಿನಾಗ ಇತ್ತು.

ಸಂಜಿಗೆ ಗೇಟಿನ ಹೊರಗ ಅಂವ ಕಾಯಾಕತ್ತಿದ್ದ, ಟವೆಲ್ ಕೊರಳಿಗೆ ಇಳಿಸಿ, ಜತಿಗೆ ಇಬ್ಬರು ಗಂಡಸ್ರನ್ನ ಕರಕೊಂಡು. ಆ ಅಳ್ಳಾಡದ ನಿಲುವು ನೋಡಿದ್ದ ನನಗ ತಿಳೀತು, ಬಾಗಲಾಗ ನಿಂತಿದ್ದಾಂವ ಇವನ, ಆಕಿ ಗಂಡ. ಆಕಿ ರಟ್ಟಿ ಗಟ್ಟಿ ಹಿಡಕೊಂಡೆ. ಅಂವ ಒದರಲಿಲ್ಲ, ಬೈಯಲಿಲ್ಲ. "ಬಿಡ್ರಿ ಅಕ್ಕಾರ, ನಮ್ಮ ಮನಿಯಾಕಿ" ಅಂದ, ಮರ್ಯಾದಿಯಿಂದ. ಆ ಮರ್ಯಾದಿಗೇ ನನ್ನ ಹಿಡಿತ ಸಡಲಿತು. ಸುತ್ತಲ ಮಂದಿ, ಗಂಡಾ ಹೆಂಡ್ತಿ ನಡುವ ನಮಗ್ಯಾಕ ಅಂತ ಸರಿದು ದಾರಿ ಕೊಟ್ರು. ಊರಿಗೆಲ್ಲಾ ಉತ್ತರ ಕೊಡಾಕಿ ನಾನೂ ಕೈ ಬಿಟ್ಟೆ.

ಹೋಗೋವಾಗ ಆಕಿ ಅಳಲಿಲ್ಲ. ತನ್ನ ಕೈ ಒಮ್ಮೆ ನೋಡ್ಕೊಂಡ್ಲು. "ಯಕ್ಕಾ, ಕೈ ನಿಲ್ಲಲೇ ಇಲ್ಲ ನೋಡು" ಅಂದ್ಲು. ಆಮ್ಯಾಲ, "ಉರಿ ಇಳೀತೋ ಇಲ್ಲೋ?" ಅಂತ ನನ್ನ ಕಣ್ಣಿನ ಬಗ್ಗೆ ಕೇಳಿದ್ಲು.

ಮಳಿಗಾಲಕ್ಕ ಸುದ್ದಿ ಬಂತು. ತೀರಿಕೊಂಡ್ಲಂತ. ಹೆಂಗ ಅಂತ ಚಿಗವ್ವನ ಮನಿಯಾಗ ಯಾರೂ ಬಾಯಿ ಬಿಡಲಿಲ್ಲ. ನಾನೂ ಕೇಳಲಿಲ್ಲ, ಅಂಜಿದೆ. ಮತ್ತ ಆ ಗೋದಾಮಿನಾಗ ಕಾಲಿಡಲಿಲ್ಲ.

ಮೊಮ್ಮಗಳ ಕಣ್ಣು ಸಂಜಿಹೊತ್ತಿಗೆ ತಿಳಿ ಆತು. ನಾ ಚಿಲಕ ತಗದೆ, ಆಟಕ್ಕ ಹೋದ್ಲು. ಆರಿದ ಕಾಯಿ ಮುಂದಿಟ್ಕೊಂಡು ನಾ ಅಲ್ಲೇ ಹೊಸ್ತಿಲದಾಗ ಕುಂತೆ. ಕಾಯಿ ನೋಡಬೇಕು, ಬೀದಿ ನೋಡಬಾರದು ಅಂತ ಎಷ್ಟು ಅಂದ್ಕೊಂಡ್ರೂ ಹೋಗೋಬರೋ ಗಂಡಸ್ರ ಮುಖಾನ ನೋಡಾಕತ್ತಿದ್ದೆ, ಎಲ್ಲಾರೂ ಅವನಂಗ ಕಂಡ್ರು. ಮಗಳು ಬೈದದ್ದು ಖರೇನ ಐತಿ. ಒದ್ದಾಡೋ ಕೂಸನ್ನ ಬಿಟ್ಟು ನಾ ಮೊದಲು ಬಾಗಲಾ ನೋಡಿದೆ. ಜೀವಕ್ಕ ಹೆದರಿಕಿ ಇದ್ದಾಕಿ ಅವತ್ತು ಬಾಗಲಾ ನೋಡಲಿಲ್ಲ, ನನ್ನ ಕಣ್ಣು ನೋಡಿದ್ಲು.