ಓಬೆಡ್‌ನ ಕಿವಿಗುರುತು

ವೆಂಡಲ್ ಗ್ಯಾಮೇಜ್ ತೀರಿಕೊಂಡದ್ದು ಜನವರಿಯಲ್ಲಿ. ಮೇನ್ ರಾಜ್ಯದ ಕರಾವಳಿಯ ಆ ಊರಿನಲ್ಲಿ ಜನವರಿಯಲ್ಲಿ ಸತ್ತವರಿಗೆ ಮಣ್ಣು ಸಿಗುವುದಿಲ್ಲ. ಹಿಮಕ್ಕೆ ನೆಲ ಕಲ್ಲಾಗಿರುತ್ತದೆ. ಚರ್ಚಿನ ಹಿಂದಿನ ಕಲ್ಲುಕೋಣೆಯಲ್ಲಿ ಪೆಟ್ಟಿಗೆ ಇಟ್ಟು ಏಪ್ರಿಲ್‌ವರೆಗೆ ಕಾಯಬೇಕು. ವೆಂಡಲ್ ಅಲ್ಲಿ ಕಾಯುತ್ತಿದ್ದ. ಹೆಂಡತಿ ಲೆಟ್ಟಿ ಮನೆಯಲ್ಲಿ ಕಾಯುತ್ತಿದ್ದಳು. ಅವನ ಕೋಟು ಗೂಟದಲ್ಲೇ ಇತ್ತು, ಚಾಕು ಕೋಟಿನ ಜೇಬಿನಲ್ಲೇ ಇತ್ತು. ಅವಳು ಮುಟ್ಟಿರಲಿಲ್ಲ.

ಅವನದು ಒಂದೇ ಆಸೆ. ಓಬೆಡ್ ಥರ್ಲೋನ ಹತ್ತಿರ ಮಲಗಬೇಕು. ಮುನ್ನೂರು ವರ್ಷದ ಹಿಂದೆ ಹಡಗು ಹತ್ತಿ ಬಂದು ಈ ಊರಿನಲ್ಲಿ ಮನೆ ಕಟ್ಟಿದ ಮೊದಲ ಇಂಗ್ಲಿಷಿನವನು ಓಬೆಡ್. ದಿಬ್ಬದ ಮೇಲೆ ಅವನ ಮನೆತನದ ಸ್ಮಶಾನವಿದೆ. ಅವನ ರಕ್ತದವರಿಗೂ ಅವರ ಗಂಡ ಹೆಂಡಿರಿಗೂ ಮಾತ್ರ ಅಲ್ಲಿ ಜಾಗ. ತನ್ನ ಮುತ್ತಜ್ಜಿ ಮರ್ಸಿ ಥರ್ಲೋ ಮನೆಯ ಮಗಳು ಎಂದು ವೆಂಡಲ್ ಜೀವಮಾನವೆಲ್ಲ ಹೇಳಿದ. ಊರು ನಕ್ಕಿತು.

ಸ್ಮಶಾನದ ಬೀಗದಕೈ ಇದ್ದದ್ದು ಪಕ್ಕದ ಹೊಲದ ಹೊರೇಸ್ ಥರ್ಲೋನ ಹತ್ತಿರ.

"ಮರ್ಸಿ ನಮ್ಮನೆ ಮಗಳು ಅನ್ನೋಕೆ ಕಾಗದ ತಗೊಂಡ್ ಬಾ ಲೆಟ್ಟಿ," ಎಂದ ಅವನು. "ನಂಗೇನು ವೆಂಡಲ್ ಮೇಲೆ ಸಿಟ್ಟಾ? ನನ್ನ ಹೊಲಕ್ಕೆ ನುಗ್ಗೋ ಅವನ ಕುರಿ ಮೇಲೆ ಇತ್ತು, ಅಷ್ಟೇ."

"ನಿನ್ನ ಬೇಲಿ ನೆಟ್ಟಗಿದ್ದಿದ್ರೆ ಯಾಕೆ ನುಗ್ತಿದ್ವು?"

"ದುಃಖದಲ್ಲಿದೀಯ ಅಂತ ಸುಮ್ನಿದೀನಿ."

"ಸುಮ್ನಿರಬೇಡ. ನಾನೂ ಇರಲ್ಲ."

ಲೆಟ್ಟಿ ಊರಿನ ಕಚೇರಿಗೆ ಹೋದಳು. ಅಲ್ಲಿ ದಾಖಲೆ ನೋಡಿಕೊಳ್ಳುವವಳು ಪ್ರೂಡಿ. ಲೆಟ್ಟಿ ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ಹಳೆಯ ಬರಹ ಅವಳಿಗೆ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು. ಪ್ರೂಡಿಯೇ ಓದಿದಳು. ವೆಂಡಲ್‌ನ ಅಪ್ಪ, ಅಜ್ಜ, ಮುತ್ತಜ್ಜ ಸೈಲಸ್ ಎಲ್ಲರೂ ಸಿಕ್ಕರು. ಸೈಲಸ್‌ನ ಹೆಂಡತಿ ಮರ್ಸಿ ಎಂದೂ ಇತ್ತು. ಅವಳು ಯಾರ ಮಗಳು ಎಂದು ಬರೆದಿದ್ದ ಮೂಲೆಯನ್ನು ಇಲಿ ತಿಂದಿತ್ತು.

"ಊರಲ್ಲಿ ಅಷ್ಟೊಂದು ಜೋಳ ಇದ್ರೂ," ಎಂದಳು ಲೆಟ್ಟಿ, "ಅದಕ್ಕೆ ನಮ್ಮಜ್ಜಿನೇ ಬೇಕಾಗಿತ್ತು."

ಮೂರು ದಿನ ಹುಡುಕಿದರು. ಮೂರನೇ ದಿನ ಲೆಟ್ಟಿ ಹೊರಡಲು ಎದ್ದಳು. ಮನೆಯಲ್ಲಿ ಕುರಿಗಳು ಈಯುತ್ತಿದ್ದವು. ಕೈಗವಸು ಎತ್ತಿಕೊಳ್ಳುವಾಗ ಅದರಡಿ ಒಂದು ತೆಳು ಪುಸ್ತಕ ತೆರೆದು ಬಿದ್ದಿತ್ತು. ಅದರಲ್ಲಿ ಅಕ್ಷರಕ್ಕಿಂತ ಚಿತ್ರವೇ ಹೆಚ್ಚು. ಜೋಡಿ ಜೋಡಿ ಕಿವಿಗಳು.

"ಇದೇನೇ?"

"ಕುರಿ ಗುರುತಿನ ಪುಸ್ತಕ. ಆಗ ಎಲ್ಲರ ಕುರಿನೂ ಒಟ್ಟಿಗೆ ಮೇಯ್ತಿದ್ವಲ್ಲ. ಯಾರ ಕುರಿ ಕಿವಿ ಹೆಂಗೆ ಕುಯ್ಬೇಕು ಅಂತ ಬರೆಸ್ತಿದ್ರು. ಈಗ ಯಾರಿಗೆ ಬೇಕು ಬಿಡು."

ಲೆಟ್ಟಿ ಬಿಡಲಿಲ್ಲ. ಹಾಳೆ ತಿರುವಿದಳು. ಒಂದು ಕಡೆ ಅವಳ ಬೆರಳು ನಿಂತಿತು. ಎಡಗಿವಿಯ ತುದಿ ಚೌಕ. ಬಲಗಿವಿಯ ಕೆಳಗೆ ಎರಡು ಕಚ್ಚು. ನಲವತ್ತಾರು ವರ್ಷ ಅವಳು ಮರಿ ಹಿಡಿದಿದ್ದಳು, ವೆಂಡಲ್ ಕಿವಿ ಕುಯ್ದಿದ್ದ. ಅಪ್ಪ ಹೀಗೆ ಕುಯ್ಯುತ್ತಿದ್ದ ಎಂದು ಅವನು ಕುಯ್ದ, ಅವನ ಅಪ್ಪನೂ ಹಾಗೆಯೇ.

"ಇದು ನಮ್ಮ ಕುರಿ," ಎಂದಳು. "ಓದು."

ಪ್ರೂಡಿ ಕನ್ನಡಕ ಒರೆಸಿಕೊಂಡಳು. ಮೇಲಿನ ಸಾಲು, ಓಬೆಡ್ ಥರ್ಲೋನ ಗುರುತು. ಅದರ ಕೆಳಗೆ ಮಗನಿಗೆ, ಮೊಮ್ಮಗನಿಗೆ, ಹಾಗೆಯೇ ತಲೆಮಾರಿನಿಂದ ತಲೆಮಾರಿಗೆ ಬಂದದ್ದು. ಕೊನೆಯ ಸಾಲನ್ನು ಅವಳು ಎರಡು ಸಲ ಓದಿದಳು. 'ಈ ಗುರುತನ್ನು ಆರು ಕುರಿಗಳ ಸಮೇತ, ಸೈಲಸ್ ಗ್ಯಾಮೇಜ್‌ನನ್ನು ಮದುವೆಯಾದ ನನ್ನ ಮಗಳು ಮರ್ಸಿಗೆ ಕೊಟ್ಟಿದ್ದೇನೆ. ಗಂಡುಮಕ್ಕಳು ಬೇರೆ ಗುರುತು ಮಾಡಿಕೊಳ್ಳಲಿ.'

ಲೆಟ್ಟಿ ಕೂತಳು. ಜನವರಿಯಿಂದ ಅತ್ತಿರಲಿಲ್ಲ. ಅಲ್ಲಿ ಅತ್ತಳು. ಪ್ರೂಡಿ ಪುಸ್ತಕವನ್ನು ಅವಳ ಕಣ್ಣೀರು ತಾಗದಷ್ಟು ದೂರ ಸರಿಸಿದಳು.

ಹೊರೇಸ್ ಬಂದು ತಾನೇ ಓದಿದ. ಬಹಳ ಹೊತ್ತು ಓದಿದ.

"ಹಂಗಾದ್ರೆ ನಮ್ಮ ಮನೆ ಗುರುತು ಆಮೇಲಿಂದಾ?"

"ಹೂಂ. ಆಮೇಲಿಂದು."

"ವೆಂಡಲ್‌ಗೆ ಗೊತ್ತಿತ್ತಾ?"

"ಗೊತ್ತಿದ್ದಿದ್ರೆ ನಿನ್ನ ಸುಮ್ನೆ ಬಿಡ್ತಿದ್ನಾ?"

ಹೊರೇಸ್ ನಕ್ಕುಬಿಟ್ಟ.

ಏಪ್ರಿಲ್ ಮೂರನೇ ವಾರ ನೆಲ ಸಡಿಲಾಯಿತು. ಗುಂಡಿಯನ್ನು ಹೊರೇಸನೇ ತೋಡಿದ. ಓಬೆಡ್‌ನ ಕಲ್ಲಿನಿಂದ ಎರಡನೇ ಸಾಲು, ಕಡಲು ಕಾಣುವ ಕಡೆ. ಪಕ್ಕದಲ್ಲಿ ಒಬ್ಬರಷ್ಟು ಜಾಗ ಬಿಟ್ಟು ಗೂಟ ನೆಟ್ಟ.

"ಅದು ನಿಂದು," ಎಂದ. "ಆತುರ ಏನಿಲ್ಲ."

"ಮರಿ ಕಿವಿ ಕುಯ್ಯೋದಿದೆ. ನಂಗೆಲ್ಲಿ ಪುರುಸೊತ್ತು?"

ಮಾರನೆಯ ಬೆಳಿಗ್ಗೆ ಅವಳು ಕೋಟಿನ ಜೇಬಿನಿಂದ ಚಾಕು ತೆಗೆದು ಮಸೆದಳು. ಕೊಟ್ಟಿಗೆ ಬಾಗಿಲಲ್ಲಿ ಹೊರೇಸ್ ನಿಂತಿದ್ದ.

"ಹಿಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ," ಎಂದ.

ಲೆಟ್ಟಿ ಅದುವರೆಗೆ ಒಂದು ಕಿವಿಯನ್ನೂ ಕುಯ್ದವಳಲ್ಲ. ಚಾಕು ತಾಗಿಸಿದೊಡನೆ ಮೊದಲ ಮರಿ ಕೊಸರಿಕೊಂಡಿತು.

"ಗಟ್ಟಿ ಹಿಡಿಯೋ."

"ಹಿಡ್ದಿದೀನಲ್ಲೇ. ವೆಂಡಲ್ಲೂ ನಿಂಗೆ ಹಿಂಗೇ ಬೈತಿದ್ನಾ?"

"ನಾನು ನೆಟ್ಟಗೆ ಹಿಡೀತಿದ್ದೆ."

ಎಡಗಿವಿ ಚೌಕ. ಬಲಗಿವಿಗೆ ಎರಡು ಕಚ್ಚು, ಒಂದು ಚೂರು ಓರೆ. ಮರಿ ತಲೆ ಕೊಡವಿ ತಾಯಿಯ ಹತ್ತಿರ ಓಡಿತು. ಲೆಟ್ಟಿ ಚಾಕು ಒರೆಸಿಕೊಂಡು, ಇನ್ನೊಂದನ್ನು ತಾ ಎಂದಳು.