ರೆಕ್ಕೆಯ ಓರೆ

ವಿಮಾನದ ಪ್ರೊಪೆಲ್ಲರ್ ರಿಪೇರಿಯಲ್ಲಿ ಮೂವತ್ತು ವರ್ಷ ಸವೆಸಿದ ನಾನು ಮನೆಯ ಸೀಲಿಂಗ್ ಫ್ಯಾನನ್ನು ಕೈಯಾರೆ ಕೆಡಿಸಿದೆ. ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಊರು ಬಿಟ್ಟು ಬಂದು ನೆಲೆಸಿದ ಕಾಮೋಠೆಯ ನಮ್ಮ ಫ್ಲ್ಯಾಟಿನಲ್ಲಿ ಹೆಂಡತಿ ಸುಮತಿ ದಿಂಬಿಗೊರಗಿ ಕೂತೇ ನಿದ್ದೆ ಮಾಡುತ್ತಾಳೆ. ಶ್ವಾಸಕೋಶ ಗಟ್ಟಿಯಾಗುತ್ತಾ ಬರುವ ಕಾಯಿಲೆ. ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ, ಒಪ್ಪದವನು ನಾನೊಬ್ಬನೇ. ಮುಖಕ್ಕೆ ಗಾಳಿ ಬಡಿದರೆ ಅವಳಿಗೆ ಸ್ವಲ್ಪ ಹಾಯೆನಿಸುತ್ತದೆ. ಹಾಗಾಗಿ ಒಂದು ಭಾನುವಾರ ಸ್ಟೂಲ್ ಹತ್ತಿ, ಇಕ್ಕಳ ಹಿಡಿದು, ಫ್ಯಾನಿನ ಮೂರೂ ರೆಕ್ಕೆಗಳನ್ನು ಇನ್ನಷ್ಟು ಓರೆಯಾಗಿ ಬಗ್ಗಿಸಿದೆ. ಸ್ವಿಚ್ ಹಾಕಿದರೆ ಮೋಟಾರು ನರಳಿತು, ಫ್ಯಾನು ಕುಂಟುತ್ತಾ ತಿರುಗಿತು.

"ಗಾಳಿ ಎಲ್ಲುಂಟು ಮಾರಾಯ್ರೆ? ಬರೀ ಶಬ್ದ," ಎಂದಳು ಸುಮತಿ. ಮಂಗಳೂರಿನ ಕಡೆಯವಳು, ಉಸಿರಿಗೆ ಸಾಲದ ಗಾಳಿ ತಮಾಷೆಗೆ ಹೇಗೋ ಸಾಲುತ್ತದೆ.

ಹೀಗೇಕಾಗುತ್ತದೆ ಎಂಬುದನ್ನೇ ನಾನು ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಪಾಠ ಮಾಡುತ್ತಿದ್ದೆ. ರೆಕ್ಕೆ ಗಾಳಿಯನ್ನು ಎಷ್ಟು ಓರೆಯಲ್ಲಿ ಎದುರಿಸುತ್ತದೆ ಎಂಬುದರಲ್ಲೇ ಎಲ್ಲ ಇದೆ. ಓರೆ ತೀರ ಕಡಿಮೆಯಾದರೆ ರೆಕ್ಕೆ ಗಾಳಿಯನ್ನು ಸೀಳುತ್ತದೆಯೇ ಹೊರತು ತಳ್ಳುವುದಿಲ್ಲ. ಹೆಚ್ಚಿಸಿದಂತೆ ಬಲವೂ ಹೆಚ್ಚುತ್ತದೆ, ಒಂದು ಮಿತಿಯವರೆಗೆ. ಮಿತಿ ದಾಟಿತೋ, ರೆಕ್ಕೆಯ ಬೆನ್ನಿಗೆ ಅಂಟಿ ಹರಿಯುತ್ತಿದ್ದ ಗಾಳಿ ಕಿತ್ತುಕೊಂಡು ಸುಳಿಯಾಗುತ್ತದೆ. ಎಂಜಿನ್ ಏದುಸಿರು ಬಿಟ್ಟರೂ ಬಲ ಹುಟ್ಟುವುದಿಲ್ಲ. ಇನ್ನೊಂದು ಮಾತು: ಈ ಓರೆಯನ್ನು ರೆಕ್ಕೆಯೊಂದನ್ನೇ ನೋಡಿ ಹೇಳಲಾಗದು, ಎದುರಿಂದ ಬರುವ ಗಾಳಿಯೂ ಗೊತ್ತಿರಬೇಕು. ನಿಂತ ವಿಮಾನದಲ್ಲಿ ಅತಿಯಾದ ಓರೆ ಹಾರುವ ವಿಮಾನದಲ್ಲಿ ಸರಿಹೋದೀತು, ರೆಕ್ಕೆ ಅದೇ ಇದ್ದರೂ.

ಇಷ್ಟು ಬಲ್ಲವನು ಯಾಕೆ ಬಗ್ಗಿಸಿದೆ? ಭಯವಾಗಿತ್ತು. ಭಯಪಟ್ಟವನ ಕೈಗೆ ಇಕ್ಕಳ ಕೊಡಬಾರದು. ವರ್ಷದಿಂದ ಸುಮತಿಗೂ ಅದನ್ನೇ ಮಾಡುತ್ತಿದ್ದೆ: ಇನ್ನೊಂದು ಆಸ್ಪತ್ರೆ, ಇನ್ನೊಂದು ಮಾತ್ರೆ, ಇನ್ನೆರಡು ಹೆಜ್ಜೆ ನಡಿ, ಇನ್ನೊಂದು ತುತ್ತು ತಿನ್ನು. ಫ್ಯಾನು ಬಗ್ಗಿಸಿದ ಮರುದಿನ ಅವಳನ್ನು ಮತ್ತೆ ಐಸಿಯುಗೆ, ಉಸಿರು ತಳ್ಳುವ ಆ ಬಿಗಿ ಮಾಸ್ಕಿಗೆ, ಸೇರಿಸುವುದೆಂದು ನಾನೇ ಗೊತ್ತುಮಾಡಿದ್ದೆ. ಡಾಕ್ಟರು "ನಿಮ್ಮಿಷ್ಟ" ಎಂದಷ್ಟೇ ಹೇಳಿದ್ದರು.

ಬ್ಯಾಗು ತುಂಬುತ್ತಿದ್ದಾಗ ಮಗಳು ಬಾಗಿಲಿಗೆ ಬಂದು ನಿಂತಳು. ಇಲ್ಲೇ ಹುಟ್ಟಿದವಳು, ನಮ್ಮ ಕನ್ನಡಕ್ಕೆ ಅವಳ ಉತ್ತರ ಹಿಂದಿಯಲ್ಲಿ.

"ಪಪ್ಪಾ, ಮಮ್ಮಿ ಕೋ ಪೂಛಾ ಕ್ಯಾ?"

ಅಮ್ಮನನ್ನು ಕೇಳಿದಿರಾ ಎಂದು. ಕೇಳಿರಲಿಲ್ಲ. ವರ್ಷವಿಡೀ ಒಮ್ಮೆಯೂ ಕೇಳಿರಲಿಲ್ಲ.

ಹಾಸಿಗೆಯ ಅಂಚಿನಲ್ಲಿ ಕೂತು, ನಿನಗೇನು ಬೇಕು ಎಂದು ಕೇಳಿದೆ. ಸುಮತಿ ಒಂದೊಂದು ಮಾತಿಗೂ ಉಸಿರು ಹುಡುಕಿದಳು.

"ನಂಗೆ ಆ ಮಾಸ್ಕ್ ಬೇಡ. ಐಸಿಯು ಬೇಡ. ಇಲ್ಲೇ ಇರ್ತೇನೆ. ನೀವು ಸ್ವಲ್ಪ ಸುಮ್ನೆ ಕೂತ್ಕೊಳ್ಳಿ, ಅಷ್ಟು ಸಾಕು."

ಸುಮ್ಮನೆ ಕೂರುವುದು ನಾನು ಯಾವ ವರ್ಕ್‌ಶಾಪಿನಲ್ಲೂ ಕಲಿಯದ ಕೆಲಸ. ಬ್ಯಾಗಿನಿಂದ ಅವಳ ನೈಟಿ, ಟವೆಲ್ಲು, ಬಾಚಣಿಗೆಗಳನ್ನು ಒಂದೊಂದಾಗಿ ತೆಗೆದು ಕಪಾಟಿಗೆ ವಾಪಸ್ ಇಟ್ಟೆ. ಆಮೇಲೆ ಕುರ್ಚಿ ಎಳೆದುಕೊಂಡು ಕಲಿಯಲು ಕೂತೆ.