ಬೆಟ್ಟವಿಳಿದವರ ಕಾಲು ನೋಡಿದ ದಂಡನಾಯಕ

ಕುವಾಂಗ್ ದೆಶನ್ ಹುಲ್ಲಿನ ಚಪ್ಪಲಿ ಹೆಣೆಯುವವನ ಮಗ. ಹದಿನಾರಕ್ಕೆ ಸೈನ್ಯ ಸೇರಿ ಐವತ್ತಕ್ಕೆ ಚಕ್ರವರ್ತಿಯ ದಂಡನಾಯಕನಾದ. ಹಾನ್‌ಜೊಂಗ್ ಬೆಟ್ಟಗಳಲ್ಲಿ ದಂಗೆಯೆದ್ದ ರೈತರನ್ನು ಅಡಗಿಸಲು ಅವನನ್ನು ಕಳಿಸಿ ಮೂರು ವರ್ಷವಾಗಿತ್ತು. ಮೊದಲ ವರ್ಷ ಶರಣು ಎಂದು ಕೈಮುಗಿದು ಬಂದವರೇ ಪಾಳೆಯಕ್ಕೆ ಬೆಂಕಿಯಿಟ್ಟಿದ್ದರು. ಅವನ ತಮ್ಮ ಆ ಬೆಂಕಿಯಲ್ಲಿ ಹೋದ. ಅಂದಿನಿಂದ ದೆಶನ್ ಒಬ್ಬ ಬೇಹುಗಾರನ ಮೇಲೆ ಕಣ್ಣಿಡಲು ಇನ್ನೊಬ್ಬನನ್ನು ಕಳಿಸುತ್ತಿದ್ದ. ರಾಜಧಾನಿಯಿಂದ ಬಂದು ಪಾಳೆಯದಲ್ಲೇ ಠಿಕಾಣಿ ಹೂಡಿದ್ದ ಅಧಿಕಾರಿ ತನ್ನ ಬಗ್ಗೆ ಏನು ಬರೆಯುತ್ತಿದ್ದಾನೋ ಎಂಬ ಗುಮಾನಿ ಬೇರೆ.

ಚಳಿಗಾಲದ ಒಂದು ಮಧ್ಯಾಹ್ನ ದಂಗೆಕೋರರ ಮುಖಂಡ ಚೂ ಲಾವ್‌ಸಾನ್ ಮುನ್ನೂರು ಜನರೊಂದಿಗೆ ಬೆಟ್ಟವಿಳಿದು ಬಂದ. ಹೆಂಗಸರೂ ಮಕ್ಕಳೂ ಇದ್ದರು. ಈಟಿಗಳನ್ನೆಲ್ಲ ಕಟ್ಟು ಕಟ್ಟಿ ಹಿಮದ ಮೇಲಿಟ್ಟರು.

"ಹೊಟ್ಟೆಗಿಲ್ದೆ ಸೋತು ಬಂದವ್ರೆ ದಣಿ, ಒಳಗೆ ಬಿಟ್ಕೊಳ್ಳೋಣ," ಎಂದ ಉಪನಾಯಕ ಮೇ ಚೊಂಗ್.

ದೆಶನ್ ಅವರ ಮುಖ ನೋಡಲಿಲ್ಲ, ಕಾಲು ನೋಡಿದ. ಎಲ್ಲರಿಗೂ ಹೊಸ ಹುಲ್ಲಿನ ಚಪ್ಪಲಿ.

"ಮರದ ತೊಗಟೆ ತಿಂದ್ಕೊಂಡಿದ್ದೋರಿಗೆ ಭತ್ತದ ಹುಲ್ಲು ಎಲ್ಲಿಂದ ಬಂತಯ್ಯಾ?"

ಒಂದನ್ನು ಬಿಚ್ಚಿಸಿ ತಿರುಗಿಸಿದ. ಹಿಮ್ಮಡಿಯಲ್ಲಿ ಎರಡು ಸುತ್ತಿನ ಗಂಟು. ಅದು ಅವನ ಊರಿನ ಗಂಟು, ಅವನ ಅಪ್ಪ ಹಾಕುತ್ತಿದ್ದ ಗಂಟು.

"ನಿಮ್ಮಕ್ಕ ಗುಯಿಲಾನ್ ಊರೋರ್ನೆಲ್ಲ ಕೂರಿಸ್ಕೊಂಡು ಹೆಣೆದು ಕೊಟ್ರು, ದೊರೆ," ಎಂದ ಲಾವ್‌ಸಾನ್. "ನನ್ ತಮ್ಮನ ಹತ್ರ ಹೋಗಿ, ಅವ್ನು ಕೈಬಿಡಲ್ಲ ಅಂದ್ರು."

ಇಪ್ಪತ್ತು ವರ್ಷದಿಂದ ಕಾಣದ ಅಕ್ಕ. ದೆಶನ್ ಆ ಗಂಟಿನ ಮೇಲೆ ಬೆರಳಾಡಿಸಿದ. ಮರುಕ್ಷಣವೇ ಮನಸ್ಸು ಗಟ್ಟಿಯಾಯಿತು. ಹೆಸರನ್ನು ಯಾರಾದರೂ ವಿಚಾರಿಸಿಕೊಳ್ಳಬಹುದು, ಗಂಟನ್ನು ಯಾರಾದರೂ ಕಲಿಯಬಹುದು.

"ನಿಮ್ಮೂರು ಎರಡೇ ದಿನದ ದಾರಿ. ಒಬ್ಬನ್ನ ಕಳ್ಸಿ ಕೇಳೋಣ," ಎಂದ ಮೇ.

ದೆಶನ್ ಕಳಿಸಲಿಲ್ಲ. ಸುಳ್ಳಾದರೆ ಇವರು ವಂಚಕರು. ನಿಜವಾದರೆ, ದಂಡನಾಯಕನ ಅಕ್ಕನೇ ದಂಗೆಕೋರರ ಕಡೆಯವಳೆಂದು ರಾಜಧಾನಿಗೆ ಕಾಗದ ಹೋಗುತ್ತದೆ. ಓರೆಗಣ್ಣಲ್ಲಿ ನೋಡಿದ. ರಾಜಧಾನಿಯ ಅಧಿಕಾರಿ ಗುಡಾರದ ಬಾಗಿಲಲ್ಲೇ ನಿಂತಿದ್ದ.

"ಚಪ್ಪಲಿ ಎಲ್ಲಾ ಬಿಚ್ಚಿಸಿ ಸುಟ್ಟುಹಾಕಿ. ಇವರನ್ನ ಹೊರಗೇ ಕೂರಿಸಿ."

ಎರಡು ದಿನ ಅವರು ಹಿಮದಲ್ಲಿ ಬರಿಗಾಲಲ್ಲಿ ಕುಳಿತರು. ಯಾರೂ ಈಟಿಗೆ ಕೈಹಾಕಲಿಲ್ಲ, ಬೆಂಕಿಯಿಡಲಿಲ್ಲ. ಮೂರನೆಯ ದಿನ ಒಳಗೆ ಕರೆದಾಗ ಮೂವತ್ತೊಂದು ಜನ ಮೇಲೇಳಲೇ ಇಲ್ಲ. ಇನ್ನೂ ಇಳಿಯದೆ ಉಳಿದಿದ್ದ ದಂಗೆಕೋರರು ಎದುರು ಬೆಟ್ಟದಿಂದ ಇದನ್ನೆಲ್ಲ ನೋಡುತ್ತಿದ್ದರು. ಆಮೇಲೆ ಒಬ್ಬನೂ ಶರಣಾಗಿ ಬರಲಿಲ್ಲ. ಯುದ್ಧ ಇನ್ನೂ ನಾಲ್ಕು ವರ್ಷ ನಡೆಯಿತು. ಕೊನೆಗೆ ಗೆದ್ದವನು ದೆಶನ್.

ಸೈನ್ಯದಿಂದ ಬಿಡುಗಡೆಯಾದ ಮೇಲೆ ಊರಿಗೆ ಹೋದ. ಗುಯಿಲಾನ್ ಬಾಗಿಲು ತೆರೆದು, ಕೂರಿಸಿ, ಇಬ್ಬರಿಗೂ ಚಹಾ ತಂದಿಟ್ಟಳು.

"ಅವರನ್ನ ಕಳಿಸಿದ್ದು ನೀನೇನಾ, ಅಕ್ಕಾ?"

"ನಾನೇ ಕಣೋ. ನನ್ ಹೆಸರು ಹೇಳ್ಲಿಲ್ವಾ ಅವರು?"

"ಹೇಳಿದ್ರು."

ಅವಳು ಒಂದು ಬಟ್ಟಲನ್ನು ಅವನ ಕಡೆ ಸರಿಸಿದಳು. ದೆಶನ್ ತನ್ನ ಬಟ್ಟಲು ಮುಟ್ಟದೆ, ಅವಳು ಮೊದಲು ಕುಡಿದು ತೋರಿಸಲೆಂದು ಕಾಯುತ್ತಿದ್ದ. ಅವಳಿಗೆ ಅದು ಗೊತ್ತಾಯಿತು. ತನ್ನದನ್ನು ಕುಡಿದಳು, ಅವನದನ್ನೂ ಎತ್ತಿ ಕುಡಿದಳು. ಎರಡೂ ಬಟ್ಟಲು ತೆಗೆದುಕೊಂಡು ತೊಳೆಯಲು ಒಳಗೆ ಹೋದಳು.